ಚಿಠ್ಠಿಬಾಯಿಯ ಮೊದಲ ವರ್ಷ

ನಾಶಿಕದ ರವಿವಾರ ಕಾರಂಜಾ ಪೇಟೆಯಲ್ಲಿ ತೊಗರಿಬೇಳೆಯ ಅಂಗಡಿ ಇಟ್ಟಿದ್ದ ಗುರುಲಿಂಗಪ್ಪನವರ ಬೇಳೆ ಊರಲ್ಲೆಲ್ಲ ಬೇಯುತ್ತಿತ್ತು, ತಮ್ಮ ಮನೆಯೊಂದನ್ನು ಬಿಟ್ಟು. ಭಾಲ್ಕಿಯಿಂದ ಬಂದು ವ್ಯಾಪಾರ ಹೂಡಿದ ದಿನದಿಂದ ಇದು ಅವರಿಗೆ ಗೊತ್ತಿದ್ದ ಸಂಗತಿಯೇ. ಆದರೂ ಆ ಭಾನುವಾರ ಗೋಣಿತಟ್ಟಿನಲ್ಲಿ ಸುತ್ತಿದ ತಗಡಿನ ಬೋರ್ಡೊಂದನ್ನು ಕಂಕುಳಲ್ಲಿ ಅವುಚಿಕೊಂಡು ಮಾಳಿಗೆ ಹತ್ತಿ ಬಂದಾಗ, ಇವತ್ತು ಬೆಂದೇ ತೀರುತ್ತದೆ ಎಂಬ ಕಳೆ ಅವರ ಮುಖದಲ್ಲಿತ್ತು.

"ಅಲಕಾ, ಬಾ ಇಲ್ಲಿ. ಕಣ್ಣ ಮುಚ್ಚು."

ಸೊಸೆ ಅಲಕಾ ಜೋಳದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಕಣ್ಣು ಮುಚ್ಚಲಿಲ್ಲ. ಮಾವ ಕಣ್ಣು ಮುಚ್ಚು ಎಂದಾಗಲೆಲ್ಲ ಯಾರಾದರೊಬ್ಬರು ಕಣ್ಣು ತೆರೆದಿರಬೇಕು ಎಂಬುದು ಆ ಮನೆಯ ಅನುಭವ. ತಟ್ಟು ಬಿಚ್ಚಿತು. ಹಳದಿ ಬಣ್ಣದ ಮೇಲೆ ಕೆಂಪು ಮರಾಠಿ ಅಕ್ಷರ: ಡಾ. ಸೌ. ಅಲಕಾ ವೈಜನಾಥ. ಸಂಜೆ ಆರರಿಂದ ಎಂಟು. ಇಂಜೆಕ್ಷನ್ ಕೊಡಲಾಗುವುದು.

"ಇದೇನ್ರಿ ಮಾವಾರ?"

"ಓದಲಿಕ್ಕೆ ಬರಂಗಿಲ್ಲೇನು? ಡಾಕ್ಟರ್!"

"ನಾ ಡಾಕ್ಟರ್ ಅಲ್ರಿ."

"ಮತ್ತ ನರ್ಸ್ ಏನು?"

"ಹೌದ್ರಿ, ನರ್ಸೇ."

"ಹೋಗುವಾಗನೂ ನರ್ಸ್, ಬರುವಾಗನೂ ನರ್ಸ್. ಮತ್ತ ಔರಂಗಾಬಾದಿನ್ಯಾಗ ವರ್ಷಪೂರಾ ಏನ್ ಮಾಡಿದಿ? ಒಡದು ಬ್ಯಾಳಿ ಮಾಡಿದ ಮ್ಯಾಲ ಅದಕ್ಕ ಯಾರರೆ ತೊಗರಿ ಅಂತಾರೇನು?"

ಒಳಗಿನಿಂದ ಅತ್ತೆ ಪ್ರೇಮಾಬಾಯಿಯ ದನಿ ಬಂತು: "ಬ್ಯಾಳಿ ಆದ್ರೂ ಒಲಿ ಮುಂದ ಬರಲಾರ್ದ ಕುದಿಯಂಗಿಲ್ಲ. ರೊಟ್ಟಿ ಹತ್ತಲಕತ್ತದ, ಬಾ ಒಳಗ."

ಅಲಕಾ ಇಬ್ಬರ ನಡುವೆ ನಿಂತಳು. ಅವಳು ಕಲಿತು ಬಂದ ಕೆಲಸವೂ ಹಾಗೇ ನಡುವಿನದು. ಎಂಟು ವರ್ಷ ವಾರ್ಡಿನಲ್ಲಿ ದುಡಿದ ನರ್ಸುಗಳನ್ನು ಆರಿಸಿ, ಔರಂಗಾಬಾದಿನ ಒಂದು ಟ್ರಸ್ಟಿನವರು ವರ್ಷವಿಡೀ ತರಬೇತಿ ಕೊಟ್ಟಿದ್ದರು. ರೋಗಿಯನ್ನು ತಾನೇ ಪರೀಕ್ಷಿಸುವುದು, ಸಣ್ಣ ರೋಗಗಳನ್ನು ತಾನೇ ಗುರುತಿಸುವುದು, ಬರೆದುಕೊಟ್ಟ ನಿಯಮದೊಳಗೆ ತಾನೇ ಮದ್ದು ಕೊಡುವುದು, ಮೀರಿದ್ದನ್ನು ಮೇಲಕ್ಕೆ ಕಳಿಸುವುದು. ಡಾಕ್ಟರಿಲ್ಲದ ಜಾಗದಲ್ಲಿ ದವಾಖಾನೆ ನಡೆಸುವ ನರ್ಸು. ಆಗ, ಎಂಬತ್ತರ ದಶಕದ ಕೊನೆಯಲ್ಲಿ, ಅದಕ್ಕೆ ಜನರ ಬಾಯಲ್ಲಿ ಹೆಸರಿರಲಿಲ್ಲ. ಪ್ರಮಾಣಪತ್ರದಲ್ಲಿದ್ದ ಇಂಗ್ಲಿಷ್ ಹೆಸರು ಎಷ್ಟು ಉದ್ದವೆಂದರೆ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವನಿಗೆ ಜ್ವರ ಇಳಿದಿರುತ್ತಿತ್ತು.

"ಈ ಬೋರ್ಡ್ ಹಾಕಿದ್ರ ನನ್ನ ಸರ್ಟಿಫಿಕೇಟ್ ಕಸಕೊಂತಾರ್ರಿ," ಎಂದಳು ಅಲಕಾ. "ಮನಿ ದವಾಖಾನಿ ಅಲ್ಲ. ಯಾರಿಗೆ ಏನರೆ ತೋರಿಸಬೇಕಂದ್ರ ಟ್ರಸ್ಟಿನ ದವಾಖಾನಿಗೆ, ಸಿನ್ನರ್‌ಗೆ ಬರ್ಲಿ. ಅಲ್ಲಿ ಹೆಸರು ಬರಸಲಿ, ಪಾಳಿ ಹಿಡೀಲಿ."

"ಬಾಜು ಅಂಗಡಿ ಚಂದ್ರಾಮಪ್ಪಗ ಸಂಜಿ ಬಾ ಅಂದೀನಿ. ಸೊಂಟಕ್ಕೊಂದು ಸೂಜಿ..."

"ಕೊಡಂಗಿಲ್ರಿ."

ಗುರುಲಿಂಗಪ್ಪ ಮಗನ ಕಡೆ ನೋಡಿದರು. ವೈಜನಾಥ ಸಿನ್ನರ್‌ನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಎರಡು ತುಂಡುಗಳ ನಡುವೆ ಸಿಕ್ಕ ತುಂಡಿಗೆ ಎಷ್ಟು ಒತ್ತಡ ಬೀಳುತ್ತದೆಂದು ಬಲ್ಲವನು. "ಚಾ ಮಾಡ್ತೀನಿ ಎಲ್ಲಾರಿಗೂ," ಎಂದು ಎದ್ದ. ಮುಂದಿನ ವಾರ ಬೋರ್ಡಿನ ಬೆನ್ನ ಮೇಲೆ ತೊಗರಿಬೇಳೆಯ ದರ ಬರೆದು ಅಂಗಡಿಯಲ್ಲಿ ತೂಗುಹಾಕಲಾಯಿತು. ಡಾಕ್ಟರು ಗೋಡೆಯ ಕಡೆ ಮುಖ ಮಾಡಿ ನಿಂತರು.

*

ಮನೆಯಲ್ಲಿ ಮದ್ದು ಬೇಡುವವರನ್ನು ಓಡಿಸುವುದೇ ಒಂದು ಕೆಲಸವಾದರೆ, ಸಿನ್ನರ್‌ನಲ್ಲಿ ಬೆಂಚು ಖಾಲಿ.

ಕಾರ್ಖಾನೆಗಳ ಹಿಂದಿನ ವಸತಿಯಲ್ಲಿ, ಬೀಡಿ ಕಟ್ಟುವ ಹೆಂಗಸರ ಓಣಿಯ ಕೊನೆಗೆ ಟ್ರಸ್ಟಿನ ದವಾಖಾನೆ. ಎರಡು ಕೋಣೆ, ಒಂದು ಬೆಂಚು, ಒಂದು ಸ್ಪಿರಿಟ್ ದೀಪ, ಒಬ್ಬಳು ಅಲಕಾ. ಡಾಕ್ಟರ್ ಬಿಂದುಮಾಧವ ಗುರುವಾರ ಮಾತ್ರ ಜೀಪಿನಲ್ಲಿ ಬರುತ್ತಿದ್ದರು. ಜೂನಿನಲ್ಲಿ ಶುರುವಾದಾಗ ಜನ ಬಂದಿದ್ದರು. ಬಂದವರನ್ನು ಅಲಕಾ ಅಕ್ಕರೆಯಿಂದ ಕೂರಿಸಿ, ಎದೆಗೆ ನಳಿಗೆ ಹಚ್ಚಿ, ನಾಲಿಗೆ ನೋಡಿ, ಕಣ್ಣುರೆಪ್ಪೆ ಬಿಡಿಸಿ, ಇಂಥದ್ದೇ ರೋಗವೆಂದು ಮನಸ್ಸಿನಲ್ಲಿ ಸರಿಯಾಗಿ ಹೆಸರಿಟ್ಟು, ಆಮೇಲೆ ನಾಶಿಕದ ದೊಡ್ಡ ಆಸ್ಪತ್ರೆಗೆ ಹೋಗಿರೆಂದು ಚೀಟಿ ಬರೆದುಕೊಡುತ್ತಿದ್ದಳು.

ಕೆಮ್ಮಿಗೆ ಚೀಟಿ. ಕಿವಿನೋವಿಗೆ ಚೀಟಿ. ತುರಿಕಜ್ಜಿಗೆ, ಇನ್ನೂ ಹೆಚ್ಚಾದರೆ ಎಂದು, ಚೀಟಿ. ತರಬೇತಿಯಲ್ಲಿ ಅವಳು ಮೊದಲ ಸಾಲಿನವಳು. ಆದರೆ ಅಲ್ಲಿ ಬೆನ್ನ ಹಿಂದೆ ಯಾರೋ ಒಬ್ಬರು ನಿಂತಿರುತ್ತಿದ್ದರು; ತಪ್ಪಿದರೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಇಲ್ಲಿ ಬೆನ್ನ ಹಿಂದೆ ಗೋಡೆ. ಗೋಡೆಗೆ ಗಂಟಲಿಲ್ಲ.

ಆ ಕೊರತೆಯನ್ನು ತುಂಬಲು ಅವಳು ಡಾಕ್ಟರರ ಗಂಟಲನ್ನೇ ಎರವಲು ತಂದಳು. ಬಿಂದುಮಾಧವರು ಧಾರವಾಡ ಕಡೆಯವರು, ಕನ್ನಡಕವನ್ನು ಮೂಗಿನ ಮೇಲಕ್ಕೆ ನೂಕಿ, ಅದೇ ಮೂಗಿನಿಂದ "ಹೂಂ... ಮುಂದ?" ಎನ್ನುವುದು ಅವರ ರೂಢಿ. ಮನೆಯಲ್ಲಿ ಊಟಕ್ಕೆ ಕೂತಾಗ ಮಗಳು ಸುಮನ, "ಆಯಿ, ಡಾಕ್ಟರ್ ಹಾಂಗ ಮಾಡು ನಾ!" ಎಂದು ಗೋಗರೆದರೆ ಅಲಕಾ ಚಮಚವನ್ನು ಕನ್ನಡಕ ಮಾಡಿ "ಹೂಂ... ಮುಂದ? ಬದನಿಕಾಯಿ ಎಷ್ಟ ದಿವಸದಿಂದ?" ಎನ್ನುತ್ತಿದ್ದಳು. ಮನೆಯೆಲ್ಲ ನಗು. ದವಾಖಾನೆಯಲ್ಲಿ ಅದೇ ದನಿ ತೆಗೆದರೆ ನಗು ಇರಲಿಲ್ಲ. ಒಬ್ಬ ಬೀಡಿ ಹೆಂಗಸು ಕೇಳಿಯೇಬಿಟ್ಟಳು: "ಬಾಯಿ, ನಿಮ್ಮ ಗಂಟಲೇ ಕಟ್ಟಿದೆಯಲ್ಲ, ನಿಮಗೆ ಯಾರು ಚಿಠ್ಠಿ ಕೊಡುತ್ತಾರೆ?"

ಆ ದಿನದಿಂದ ಓಣಿಯಲ್ಲಿ ಅವಳ ಹೆಸರು ಚಿಠ್ಠಿಬಾಯಿ. ನಾಶಿಕಕ್ಕೆ ಹೋದರೆ ಒಂದು ದಿನದ ಬೀಡಿ ಹೋಯಿತು. ಹಾಗಾಗಿ ಜನ ಗುರುವಾರಕ್ಕೆ ಕಾದರು, ಇಲ್ಲವೆ ಮಂತ್ರಿಸುವವನ ಬಳಿ ಹೋದರು.

ಶ್ರಾವಣಕ್ಕೆ ಮುಂಚಿನ ಗುರುವಾರ ಡಾಕ್ಟರ್ ಬಿಂದುಮಾಧವ ಚೀಟಿಯ ಕಟ್ಟನ್ನು ಕೈಯಲ್ಲಿ ಹಿಡಿದು, ಇಸ್ಪೀಟಿನಂತೆ ಬಿಡಿಸಿ ನೋಡಿದರು.

"ಅಕ್ಷರ ಛಲೋ ಅದ. ಆದ್ರ ಪೋಸ್ಟ್ ಆಫೀಸ್ ನಡಸಾಕ ನಿನ್ನನ್ನ ಇಟ್ಟಿಲ್ಲವಾ. ಇದರಾಗ ಎಷ್ಟ ಜನ ನಾಶಿಕಕ್ಕ ಹೋದ್ರು?"

"ಗೊತ್ತಿಲ್ಲ ಸರ್."

"ನನಗ ಗೊತ್ತದ. ಯಾರೂ ಹೋಗಿಲ್ಲ. ನೀ ಕಳಿಸಿದಿ ಅಂತ ತಿಳ್ಕೊಂಡಿ, ಅವರು ಮನೀಗೆ ಹೋದ್ರು. ರೋಗ ನಿನ್ನ ಮ್ಯಾಲಿಂದ ಇಳೀತು, ಅವರ ಮ್ಯಾಲಿಂದ ಇಳೀಲಿಲ್ಲ."

ಡಾಕ್ಟರರು ಕಟ್ಟನ್ನು ಮೇಜಿನ ಮೇಲಿಟ್ಟರು.

"ದೀಪಾವಳಿ ತನಕಾ ನೋಡ್ತೀನಿ. ಈ ಬೆಂಚಿನ ಮ್ಯಾಲೆ ಮಂದಿ ಕೂಡಬೇಕು. ಇಲ್ಲಾಂದ್ರ ಇದನ್ನ ಮುಚ್ಚಿ, ನಿನ್ನನ್ನ ಔರಂಗಾಬಾದಿನ ವಾರ್ಡಿಗೆ ಕರಕೊಂಡು ಹೋಗ್ತೀನಿ. ಅಲ್ಲಿ ನಿನಗ ಕೆಲಸ ಅದ. ಆದ್ರ ಈ ಕೆಲಸ ಇರಂಗಿಲ್ಲ."

ಬಸ್ಸಿನಲ್ಲಿ ಮರಳುವಾಗ ಅಲಕಾ ಎಲ್ಲ ಲೆಕ್ಕ ಹಾಕಿದಳು. ವಾರ್ಡೆಂದರೆ ಔರಂಗಾಬಾದ್; ಔರಂಗಾಬಾದೆಂದರೆ ಗಂಡ ಇಲ್ಲಿ, ತಾನಲ್ಲಿ. ಒಂದು ವರ್ಷ ಹಾಗೆ ಕಳೆದದ್ದಕ್ಕೆ ಅತ್ತೆ ಇನ್ನೂ ಬಡ್ಡಿ ವಸೂಲು ಮಾಡುತ್ತಿದ್ದಳು. ಇನ್ನೊಂದು ಸಲ ಹೋಗೆನ್ನುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅಂದರೆ ವಾರ್ಡೂ ಇಲ್ಲ, ದವಾಖಾನೆಯೂ ಇಲ್ಲ, ಉಳಿಯುವುದು ಒಲೆ.

*

ಪ್ರೇಮಾಬಾಯಿಯ ಬಾಯಲ್ಲಿ ಸಕ್ಕರೆಯಂಥ ಮಾತು ಬಂದದ್ದನ್ನು ಕೇಳಿದವರಿಲ್ಲ. ಸಕ್ಕರೆಯೆಲ್ಲ ರಕ್ತದಲ್ಲೇ ಉಳಿದಿತ್ತೆಂದು ಗೊತ್ತಾದದ್ದು ಆ ಶ್ರಾವಣದಲ್ಲಿ.

ಶ್ರಾವಣದ ಮೂರನೆಯ ಸೋಮವಾರ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯ ಸುತ್ತ ಬರಿಗಾಲಲ್ಲಿ ಪ್ರದಕ್ಷಿಣೆಯ ಫೇರಿ ಹಾಕುವುದು ಊರ ಪದ್ಧತಿ. ಭಾಲ್ಕಿಯವರಿಗೆ ಅದೇನು ಕಡ್ಡಾಯವಲ್ಲ. ಆದರೆ ವಾಡೆಯ ನೆರೆಮನೆಗಳ ಮರಾಠಿ ಹೆಂಗಸರು ಹೊರಟರೆ ಪ್ರೇಮಾಬಾಯಿ ಹಿಂದೆ ಉಳಿಯುವವಳಲ್ಲ. ಶಿವ ಯಾರ ಭಾಷೆಯವನೂ ಅಲ್ಲ ಎಂದು ಹೇಳಿ ಹೋದಳು, ಕೆಸರಲ್ಲಿ ಕಲ್ಲಲ್ಲಿ ಸುತ್ತಿ ಬಂದಳು, ಎಲ್ಲರಿಗಿಂತ ಮುಂದೆ ಬಂದೆನೆಂದು ವಾರವಿಡೀ ಹೇಳಿದಳು. "ಉಳದವ್ರೆಲ್ಲ ಅಯ್ಯೋ ಅವ್ವಾ ಅಂತಿದ್ರು. ನನಗ ಮುಳ್ಳು ಚುಚ್ಚಿದ್ದೂ ಗೊತ್ತಾಗಿಲ್ಲ!"

ಅದನ್ನು ಕೇಳಿದಾಗಲೇ ಅಲಕಾಳಿಗೆ ತಿಳಿಯಬೇಕಿತ್ತು. ತಿಳಿದದ್ದು ಮರುವಾರದ ಬುಧವಾರ, ಸಂಜೆ ನೆಲ ಒರೆಸುವಾಗ. ಶಹಾಬಾದ್ ಕಲ್ಲಿನ ಮೇಲೆ, ಒಲೆಯಿಂದ ದೇವರ ಜಗಲಿಯವರೆಗೆ, ಒಂದೇ ಪಾದದ ಒದ್ದೆ ಗುರುತು.

"ಅತ್ತೀ, ಕಾಲ ತೋರಸ್ರಿ."

"ಯಾಕ? ಇವತ್ತೇನ್ ಹಬ್ಬ, ಕಾಲಿಗೆ ಬೀಳಲಿಕ್ಕೆ?"

"ತೋರಸ್ರಿ ಅಂದೆ."

ಬಲಗಾಲಿನ ಹೆಬ್ಬೆರಳ ಬುಡದಲ್ಲಿ ರೂಪಾಯಿ ಅಗಲದ ಹುಣ್ಣು. ಅದರಲ್ಲಿ ಅರಿಸಿನ, ಅದರ ಮೇಲೆ ವಿಭೂತಿ, ಸುತ್ತ ಕೆಂಪು. ಗುರುಲಿಂಗಪ್ಪ ಬಗ್ಗಿ ನೋಡಿ ಹೆದರಿ ಎದ್ದರು. "ವೈಜ್ಯಾ! ಗಾಡಿ ತಗಿ. ದೊಡ್ಡ ಡಾಕ್ಟರ್ ಕಡಿ ಹೋಗಮು!"

ಅಲಕಾ ತಲೆಯೆತ್ತಿದಳು. "ಊರ ಮಂದಿಗೆಲ್ಲ ನಿಮ್ಮ ಸೊಸಿ ಡಾಕ್ಟರ್ ಇದ್ದಳು, ಮಾವಾರ."

"ಅದು ಸೊಂಟನೋವು. ಇದು ನನ್ನ ಹೇಂತಿ!"

ಅಲಕಾಳ ಕೈ ತನ್ನಷ್ಟಕ್ಕೇ ಚೀಲಕ್ಕೆ ಹೋಗಿತ್ತು. ಚೀಟಿಯ ಪ್ಯಾಡು ಹೊರಗೆ ಬಂದಿತ್ತು. ಪ್ರೇಮಾಬಾಯಿ ಅದನ್ನು ನೋಡಿ ಗೋಡೆಗೆ ಒರಗಿದಳು.

"ಬರಿ, ಬರಿ. ಸಿನ್ನರ್‌ನ್ಯಾಗ ನಿನಗ ಏನಂತಾರಂತ ವೈಜ್ಯಾ ಹೇಳ್ಯಾನ. ಅದೊಂದೇ ಬರ್ತದ ನಿನಗ."

ವೈಜನಾಥ ಚಾ ಮಾಡಲು ಎದ್ದ.

ಅಲಕಾ ಪ್ಯಾಡನ್ನು ನೆಲದ ಮೇಲಿಟ್ಟಳು. ಕೈ ತೊಳೆದು ಬಂದಳು. ಕಾದಾರಿದ ನೀರಿನಿಂದ ಅರಿಸಿನ, ವಿಭೂತಿ ತೊಳೆದಳು. ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದಳು; ಇತ್ತು. ಹತ್ತಿಯ ಎಳೆಯನ್ನು ಬೆರಳುಗಳಿಗೆ ತಾಗಿಸಿ "ಗೊತ್ತಾಗ್ತದೇನ್ರಿ?" ಎಂದಳು. "ಏನು?" ಎಂದಳು ಪ್ರೇಮಾಬಾಯಿ. ಮತ್ತೆ ತಾಗಿಸಿದಳು. "ಸುರು ಮಾಡು ಮೊದಲ," ಎಂದಳು ಅತ್ತೆ. ಹುಣ್ಣು ಆಳವಿರಲಿಲ್ಲ, ಎಲುಬು ಮುಟ್ಟಿರಲಿಲ್ಲ, ಮೈ ಬಿಸಿ ಇರಲಿಲ್ಲ, ವಾಸನೆ ಇರಲಿಲ್ಲ. ಇದ್ದದ್ದು ಇಲ್ಲದ್ದು ಎಲ್ಲ ನಿಯಮದ ಪುಟದಲ್ಲಿ ಅವಳಿಗೆ ಬಾಯಿಪಾಠ. ಈ ಪುಟ ಅವಳದು. ಮುಂದಿನ ಪುಟ ಮಾತ್ರ ಸರ್ಜನರದು.

ಬಾಲ್ ಪೆನ್ನು ತೆಗೆದು ಕೆಂಪಿನ ಅಂಚಿನ ಸುತ್ತ ಒಂದು ಗೆರೆ ಎಳೆದಳು.

"ಇದನ್ನ ನಾ ನೋಡ್ತೀನಿ. ಈ ಗೆರಿ ದಾಟಿ ಕೆಂಪು ಹೊರಗ ಬಂತಂದ್ರ, ಇಲ್ಲಾ ಜ್ವರ ಬಂತಂದ್ರ, ನಾನೇ ನಿಮ್ಮನ್ನ ಸರ್ಜನ್ ಕಡಿ ಒಯ್ತೀನಿ. ಅಲ್ಲೀತನಕ ಎಲ್ಲೀಗೂ ಹೋಗೂದಿಲ್ಲ. ನಾಳಿ ಗುರುವಾರ, ಸಿನ್ನರ್‌ಗೆ ಬರ್ರಿ. ಹೆಸರು ಬರಸ್ರಿ, ಪಾಳಿ ಹಿಡೀರಿ."

"ನಾ ಪಾಳಿ ಹಿಡೀಬೇಕು? ನಿನ್ನ ದವಾಖಾನ್ಯಾಗ?"

"ಹೂಂ."

"ಅಕಸ್ಮಾತ್ ಕಾಲ್ ಹೋತಂದ್ರ?" ಗುರುಲಿಂಗಪ್ಪನವರ ದನಿ ಇಳಿದಿತ್ತು. "ನೋಡವಾ, ಆಮ್ಯಾಲ ಆ ದವಾಖಾನಿ ಬಾಗಲಾ ನಿನಗ ಬಂದ್. ನಾನೇ ಹೋಗಿ ಕೀಲಿ ಹಾಕಿ ಬರ್ತೀನಿ."

"ಹಾಕ್ರಿ," ಎಂದಳು ಅಲಕಾ. ಕೈ ಪಟ್ಟಿ ಸುತ್ತುತ್ತಿತ್ತು.

*

ಮರುದಿನ ವೈಜನಾಥನ ಸ್ಕೂಟರಿನ ಹಿಂದೆ, ಬಲಗಾಲನ್ನು ದೇವರ ವಿಗ್ರಹದಂತೆ ಎತ್ತಿಹಿಡಿದು ಪ್ರೇಮಾಬಾಯಿ ಸಿನ್ನರ್ ಪ್ರವೇಶಿಸಿದಳು. ಗುರುವಾರವಾದ್ದರಿಂದ ಬೆಂಚು ತುಂಬಿತ್ತು. ಭಾಲ್ಕಿಯಲ್ಲಿ ಹುಟ್ಟಿದವಳಿಗೆ ಮರಾಠಿ ಹೊಸದಲ್ಲ. ಕೂತ ಹತ್ತು ನಿಮಿಷದಲ್ಲಿ ಬೀಡಿ ಹೆಂಗಸರಿಗೆಲ್ಲ ಅವಳ ಕಾಲು, ಅವಳ ಸೊಸೆ, ಅವಳ ಹಣೆಬರಹ ತಿಳಿಯಿತು.

"ಚಿಠ್ಠಿಬಾಯಿ ನಿಮ್ಮ ಸೊಸೆಯೇ? ಮತ್ತೆ ನಿಮಗೆ ಚಿಠ್ಠಿ?"

"ಕೊಡಲಿಲ್ಲ! ತಾನೇ ನೋಡುತ್ತಾಳಂತೆ."

"ಅಯ್ಯೋ," ಎಂದಳೊಬ್ಬಳು, "ಅತ್ತೆಯನ್ನು ಮುಗಿಸುವ ಹುನ್ನಾರವಿರಬೇಕು."

"ಹುಚ್ಚಿ," ಎಂದಳು ಇನ್ನೊಬ್ಬಳು, ಎಲೆ ಕತ್ತರಿಸುವುದನ್ನು ನಿಲ್ಲಿಸದೆ. "ಮುಗಿಸುವವಳು ದೂರ ಕಳಿಸುತ್ತಾಳೆ. ಮನೆಯಲ್ಲಿಟ್ಟುಕೊಂಡು ಬೈಸಿಕೊಳ್ಳುವವಳು ಉಳಿಸುತ್ತಾಳೆ."

ಬೆಂಚೆಲ್ಲ ನಕ್ಕಿತು. ಪ್ರೇಮಾಬಾಯಿ ನಗಲಿಲ್ಲ, ಯೋಚಿಸಿದಳು.

ಒಳಗೆ ಅಲಕಾ ಪ್ರನಾಳದಲ್ಲಿ ನೀಲಿ ದ್ರಾವಣ ಹಿಡಿದು, ಅತ್ತೆಯ ಮೂತ್ರದ ಹನಿ ಬೆರೆಸಿ ದೀಪದ ಮೇಲೆ ಕಾಯಿಸಿದಳು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಕೆಂಪಿಗೆ ಬಂದು ನಿಂತಿತು. ಡಾಕ್ಟರ್ ಬಿಂದುಮಾಧವ ಕನ್ನಡಕ ಮೇಲೇರಿಸಿದರು.

"ಹೂಂ... ಮುಂದ?"

"ಸಕ್ಕರಿ ಕಾಯಿಲೆ. ಗುಳಿಗಿ ಸುರು ಮಾಡೋದು ನಿಮ್ಮ ಕೆಲಸ, ಸರ್. ಕಾಲು ನನ್ನದು." ಅವಳ ದನಿ ಅವಳದೇ ಆಗಿತ್ತು, ಸ್ವಲ್ಪ ಕರಕರ ಎನ್ನುವ, ಬೀದರಿನ ದನಿ. ನಾಡಿ, ಸ್ಪರ್ಶ, ಆಳ, ಗೆರೆ ಎಲ್ಲ ಹೇಳಿದಳು.

"ಚಿಠ್ಠಿ?"

"ಬರಿಯಂಗಿಲ್ಲ. ಗೆರಿ ದಾಟಿದ್ರ ಬರೀತೀನಿ."

"ನಿಮ್ಮ ಅತ್ತಿ ಅಂತ ಧೈರ್ಯ ಮಾಡ್ತಿಯೋ?"

"ಅತ್ತಿ ಅಂತನ ಅಂಜಿಕಿ ಜಾಸ್ತಿ ಅದ, ಸರ್. ಆದ್ರ ಬ್ಯಾರೆಯವರಾಗಿದ್ರ ಇಷ್ಟೊತ್ತಿಗೆ ಬರದು ಕೊಟ್ಟಿರ್ತಿದ್ದೆ."

ಡಾಕ್ಟರರು ಗುಳಿಗೆ ಬರೆದರು.

*

ನಿಜವಾದ ಯುದ್ಧ ಶುರುವಾದದ್ದು ಶುಕ್ರವಾರ, ಅಡಿಗೆಮನೆಯ ಹೊಸ್ತಿಲಲ್ಲಿ. ಅಲಕಾ ಸಿನ್ನರ್‌ನ ಚಮ್ಮಾರನಿಂದ ಮೆತ್ತನೆಯ ರಬ್ಬರಿನ, ಹೆಬ್ಬೆರಳ ಬುಡಕ್ಕೆ ಒತ್ತು ಬೀಳದಂತೆ ಕೊರೆದ ಜೊತೆ ಚಪ್ಪಲಿ ಮಾಡಿಸಿ ತಂದಿದ್ದಳು.

"ಹಾಸಗಿಯಿಂದ ಇಳಿದ್ರ ಇದು ಕಾಲಾಗ ಇರಬೇಕು. ಮನಿಯೊಳಗೂ."

"ಅಡಿಗಿ ಮನ್ಯಾಗ?"

"ಅಡಿಗಿ ಮನ್ಯಾಗನೂ."

ಪ್ರೇಮಾಬಾಯಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ಒಲಿ ಮುಂದ ಚಪ್ಪಲ್? ಜಗಲಿ ಮುಂದ ಚಪ್ಪಲ್? ಎದಿ ಮ್ಯಾಲೆ ಲಿಂಗ, ಕಾಲಾಗ ಚರ್ಮ?"

"ಚರ್ಮ ಅಲ್ರಿ, ರಬ್ಬರ್. ಹೊಸಾದು. ಹೊರಗ ಮೆಟ್ಟಿಲ್ಲ."

"ಹೊಸಾದಿದ್ರೇನು, ಮೆಟ್ಟು ಮೆಟ್ಟೇ. ನಾ ಸತ್ತ ಮ್ಯಾಲ ತೊಡಸು."

"ಕಲ್ಲಿನ ಮ್ಯಾಲ ಬರಿಗಾಲಾಗ ದಿನಾ ನಿಂತ್ರ ಆ ಹುಣ್ಣು ಮಾಯಂಗಿಲ್ರಿ. ನಾ ಎಷ್ಟ ಪಟ್ಟಿ ಕಟ್ಟಿದ್ರೂ ಸುಳ್ಳ. ನಿಮಗ ನೋವು ಗೊತ್ತಾಗಲ್ಲ, ಅದೇ ರೋಗ. ಫೇರಿಯಾಗ ಮುಂದ ಬಂದಿರಲ್ಲ, ನೀವು ಗೆದ್ದಿದ್ದಲ್ಲ ಅದು. ಕಾಲು ಸೋತಿದ್ದು."

ಆ ಮಾತು ತಾಗಿತು. ಪ್ರೇಮಾಬಾಯಿ ಜೋರಾಗಿ ಅಳುವವಳಲ್ಲ. ಸೆರಗನ್ನು ಸರಿಮಾಡಿಕೊಂಡು ಹೇಳಿದಳು: "ಚಪ್ಪಲ್ ಹಾಕ್ಕೊಂಡು ಅಡಿಗಿ ಮನ್ಯಾಗ ಬರಂಗಿಲ್ಲ. ಹಾಕ್ಕೋಬೇಕಂದ್ರ ಅಡಿಗಿ ಮನೀನೇ ಬಿಡ್ತೀನಿ. ನೋಡಮು, ಯಾರ್ ಮಾಡ್ತೀರಿ."

ಅವಳು ಹಾಕಿದ್ದು ಬೆದರಿಕೆ. "ಬಿಡ್ರಿ," ಎಂದಳು ಅಲಕಾ.

ಆ ಅಡಿಗೆಮನೆಯನ್ನು ಪ್ರೇಮಾಬಾಯಿ ಬಿಡುವುದೆಂದರೆ ತಹಸೀಲ್ದಾರ ಕುರ್ಚಿ ಬಿಟ್ಟಂತೆ. ಅವಳು ಚಪ್ಪಲಿ ಮೆಟ್ಟಿ, ಟಪಟಪ ಸದ್ದು ಮಾಡಿಕೊಂಡು ಹೊರಗಿನ ಮಂಚಕ್ಕೆ ಬಂದು, ಕಾಲು ನೀಡಿ ಕೂತಳು. ಅಲ್ಲಿಂದಲೇ ರಾಜ್ಯಭಾರ ಶುರುವಾಯಿತು.

ಅಲಕಾ ಏಳಕ್ಕೆ ಬಸ್ಸು ಹಿಡಿಯಬೇಕು. ಬೆಳಗಿನ ರೊಟ್ಟಿ ವೈಜನಾಥನ ಪಾಲಿಗೆ ಬಂತು. ಅವನು ಬಡಿದ ಮೊದಲ ರೊಟ್ಟಿಯನ್ನು ಸುಮನ ಬೆಳಕಿಗೆ ಹಿಡಿದು, "ಬಾಬಾ, ಇದು ಮಹಾರಾಷ್ಟ್ರ. ಇಲ್ಲಿ ತೂತು ಅದಲ್ಲ, ಇದು ನಾಶಿಕ," ಎಂದಳು. ಮಧ್ಯಾಹ್ನದ ಬೇಳೆ ಗುರುಲಿಂಗಪ್ಪನವರಿಗೆ. ಜೀವಮಾನವೆಲ್ಲ ತೊಗರಿಬೇಳೆ ಮಾರಿದವರು ಕುದಿಯುವ ಪಾತ್ರೆಯ ಮುಂದೆ ಮೊದಲ ಸಲ ನಿಂತರು.

"ಏ, ಇದು ಬೇಯವಲ್ದು!"

"ಉಪ್ಪು ಮೊದಲ ಹಾಕೀರೇನು?" ಮಂಚದಿಂದ ಪ್ರಶ್ನೆ.

"ಹೂಂ."

"ನಾಳಿ ತನಕಾ ಬೇಯಂಗಿಲ್ಲ. ಅಂಗಡ್ಯಾಗ ಗಿರಾಕಿಗೆ ಏನಂತ ಹೇಳ್ತೀರಿ? ಎರಡ ಕುದಿಗೆ ಬೇಯ್ತದ ಅಂತ? ಸುಳ್ಳಬುರುಕ!"

ಗುರುಲಿಂಗಪ್ಪ ಆ ದಿನ ಗಟ್ಟಿ ಬೇಳೆಯನ್ನೇ ಉಂಡರು. ಮರುದಿನ ಉಪ್ಪು ಕಡೆಗೆ ಹಾಕಿದರು.

*

ಭಾನುವಾರ ಮಧ್ಯಾಹ್ನ ಅಲಕಾ ಪಟ್ಟಿ ಬಿಚ್ಚಿದಾಗ ಕೆಂಪು ಗೆರೆಯನ್ನು ಮುಟ್ಟಿತ್ತು.

ಗುರುಲಿಂಗಪ್ಪ ನೋಡಿದ್ದೇ ತಡ, ಬರಿಮೈಯಲ್ಲೇ ಕೆಳಗೋಡಿ ಒಂದು ರಿಕ್ಷಾ ಹಿಡಿದು ತಂದರು. "ಏಳ್ರಿ, ಏಳ್ರಿ! ಸಾಕಿನ್ನ ಇದು!"

"ಮುಟ್ಟ್ಯದ, ದಾಟಿಲ್ರಿ," ಎಂದಳು ಅಲಕಾ. ಥರ್ಮಾಮೀಟರ್ ನೋಡಿದಳು, ಜ್ವರವಿಲ್ಲ. ಹುಣ್ಣಿನ ತಳ ನೋಡಿದಳು. ತಿಳಿಗೆಂಪು, ಹಸಿ ಮಾಂಸ. "ಕಾಲು ಕೆಳಗ ಬಿಟ್ಟು ಕೂತಿದ್ರೇನ್ರಿ ಅತ್ತೀ?"

ಪ್ರೇಮಾಬಾಯಿ ಗೋಡೆ ನೋಡಿದಳು. ಉತ್ತರ ಸುಮನ ಕೊಟ್ಟಳು: "ಅಜ್ಜಿ ಮುಂಜಾನಿಂದ ಕಿಟಕಿ ಹತ್ರ ನಿಂತ್ಕೊಂಡು ಬಾಬಾಗೆ ಬೈತಾ ಇದ್ದಳು."

"ಸಂಜಿತನಕಾ ಕಾಲು ತಲಿದಿಂಬಿನ ಮ್ಯಾಲೆ. ದೀಪ ಹಚ್ಚೂ ಹೊತ್ತಿಗೆ ಮತ್ತ ನೋಡ್ತೀನಿ. ಎಳ್ಳಷ್ಟ ದಾಟಿದ್ರೂ ರಿಕ್ಷಾದಾಗ ಮೊದಲ ನಾನೇ ಕೂಡ್ತೀನಿ."

"ಅಲ್ಲೀತನಕ ರಿಕ್ಷಾ?" ಎಂದ ವೈಜನಾಥ.

"ನಿಲ್ಲಲಿ!" ಎಂದು ಗುಡುಗಿದರು ಗುರುಲಿಂಗಪ್ಪ. "ವೇಟಿಂಗ್ ನಾ ಕೊಡ್ತೀನಿ."

ರಿಕ್ಷಾದವನು ಮೇಲೆ ಬಂದು ಕೂತ. ವೈಜನಾಥ ಚಾ ಮಾಡಿದ. ಗುರುಲಿಂಗಪ್ಪ ಮಂಚದ ತಲೆಯಿಂದ ಕಾಲಿಗೆ, ಕಾಲಿನಿಂದ ತಲೆಗೆ ಓಡಾಡಿದರು. ಅಲಕಾ ಓಡಾಡಲಿಲ್ಲ. ಮೂಲೆಯಲ್ಲಿ ಕುಳಿತು ಮೆಂತ್ಯಸೊಪ್ಪು ಸೋಸಿದಳು. ಅರ್ಧ ಸೊಪ್ಪು ಕಸದ ಕಡೆ, ಅರ್ಧ ಕಡ್ಡಿ ಬುಟ್ಟಿಯ ಕಡೆ ಹೋಗುತ್ತಿದ್ದುದನ್ನು ಪ್ರೇಮಾಬಾಯಿ ಮಲಗಿದಲ್ಲಿಂದ ನೋಡಿದಳು. ಬೇರೆ ದಿನವಾದರೆ ಬೈಯುತ್ತಿದ್ದಳು. ಅಂದು ಕಾಲನ್ನು ದಿಂಬಿನ ಮೇಲೆ ಇನ್ನೊಂದಿಷ್ಟು ಮೇಲೆ ಸರಿಸಿಕೊಂಡಳು.

ದೀಪ ಹಚ್ಚಿದಾಗ ಪಟ್ಟಿ ಮತ್ತೆ ಬಿಚ್ಚಿತು. ಐದು ತಲೆಗಳು ಒಂದು ಪಾದದ ಮೇಲೆ ಬಾಗಿದವು, ಆರನೆಯದು ರಿಕ್ಷಾದವನದು. ಗೆರೆಗೂ ಕೆಂಪಿಗೂ ನಡುವೆ, ಉಗುರಿನಷ್ಟು, ಕೆಂಪಿಲ್ಲದ ಚರ್ಮ ಕಾಣುತ್ತಿತ್ತು.

ರಿಕ್ಷಾದವನು ಅಂಗಿಯ ತೋಳು ಮಡಿಸಿ, "ಬಾಯಿ, ನನ್ನ ಈ ಕುರುವನ್ನೂ ಸ್ವಲ್ಪ..." ಎಂದ.

"ಸಿನ್ನರ್‌ಗೆ ಬಾ," ಎಂದರು ಗುರುಲಿಂಗಪ್ಪ, ಅಲಕಾ ಬಾಯಿ ತೆರೆಯುವ ಮೊದಲೇ. "ಮನಿ ದವಾಖಾನಿ ಅಲ್ಲ. ಹೆಸರು ಬರಸು, ಪಾಳಿ ಹಿಡಿ."

*

ಹುಣ್ಣು ಒಂದೇ ಸಲಕ್ಕೆ ಮಾಯಲಿಲ್ಲ. ಭಾದ್ರಪದವೆಲ್ಲ ಮಾಯುತ್ತ, ನವರಾತ್ರಿಯಲ್ಲಿ ಪ್ರೇಮಾಬಾಯಿ ಹೋಳಿಗೆ ಕದ್ದು ತಿಂದಾಗ ಮತ್ತೆ ಹಸಿಯಾಗುತ್ತ, ಗುಳಿಗೆ ಹೆಚ್ಚಿಸಿದಾಗ ಮತ್ತೆ ಒಣಗುತ್ತ ಸಾಗಿತು. ಸೋಮವಾರ, ಗುರುವಾರ ಸ್ಕೂಟರು ಸಿನ್ನರ್‌ಗೆ ಬರುತ್ತಿತ್ತು. ಸೋಮವಾರ ಡಾಕ್ಟರಿಲ್ಲದ ದಿನ; ಆದರೂ ಬೆಂಚಿನ ಮೇಲೆ ಮೊದಲು ಪ್ರೇಮಾಬಾಯಿಯೊಬ್ಬಳೇ, ಆಮೇಲೆ ಅವಳ ಕಾಲು ಎಲ್ಲಿಗೆ ಬಂತೆಂದು ನೋಡಲು ಬಂದ ಹೆಂಗಸರು, ಆಮೇಲೆ ಹೇಗೂ ಬಂದಿದ್ದೇವೆಂದು ತಮ್ಮ ಮಕ್ಕಳ ಕೆಮ್ಮು ತೋರಿಸುವವರು.

ಅಲಕಾ ಕೆಮ್ಮಿಗೆ ಕೆಮ್ಮಿನ ಮದ್ದು ಕೊಟ್ಟಳು, ಕಿವಿಗೆ ಕಿವಿಯ ಮದ್ದು. "ನಾಡಿದ್ದು ಮತ್ತೆ ತೋರಿಸಬೇಕು, ತಪ್ಪಿದರೆ ನಾನೇ ಮನೆಗೆ ಬರುತ್ತೇನೆ," ಎಂದು ಹೆದರಿಸಿದಳು. ಎರಡು ಸಲ ಹೋಗಿಯೂ ಬಂದಳು. ಒಂದು ಸಲ ತಪ್ಪಿದಳು ಕೂಡ: ಬರಿ ಉಷ್ಣವೆಂದುಕೊಂಡ ಗುಳ್ಳೆ ಸಿಡುಬಿನ ತಂಗಿ ಸೀತಾಳೆ ಸಿಡುಬಾಗಿ ಓಣಿಯ ಮಕ್ಕಳಿಗೆಲ್ಲ ಹಬ್ಬಿತು. ಅದಕ್ಕೆ ಬೈಸಿಕೊಂಡಳು, ಮನೆಮನೆ ತಿರುಗಿ ಮದ್ದು ಕೊಟ್ಟಳು.

ದೀಪಾವಳಿ ಹತ್ತಿರವಾದಾಗ ಒಬ್ಬ ತುಂಬಿದ ಬಸುರಿ ತಲೆನೋವೆಂದು ಬಂದಳು. ಮುಖ ಊದಿತ್ತು, ರಕ್ತದೊತ್ತಡದ ಪಾದರಸ ಏರಿದ್ದು ಇಳಿಯಲೊಲ್ಲದು. ಅಲಕಾ ಪ್ಯಾಡು ತೆಗೆದಳು. ಬರೆದು ಹರಿದು ಕೊಡುವಾಗ ಬಸುರಿಯ ಅತ್ತೆ ಹಣೆ ಗಂಟಿಕ್ಕಿದಳು.

"ನಾಶಿಕಕ್ಕೆಯೇ? ನಾಳೆ ಹೋದರಾಗದೇ?"

ಬೆಂಚಿನ ತುದಿಯಿಂದ ಎಲೆ ಕತ್ತರಿಸುವ ಹೆಂಗಸು ಎದ್ದಳು. "ಏ, ಈಗಲೇ ಹೊರಡು. ತನ್ನ ಅತ್ತೆಗೇ ಬರೆಯದವಳು ನಿನ್ನ ಸೊಸೆಗೆ ಬರೆದಿದ್ದಾಳೆ!"

ಅಲಕಾ ಚೀಟಿ ಕೊಟ್ಟು ಸುಮ್ಮನಾಗಲಿಲ್ಲ. ದವಾಖಾನೆಗೆ ಬಾಗಿಲು ಹಾಕಿ, ಟೆಂಪೋದಲ್ಲಿ ಅವರ ಜೊತೆಗೇ ಕೂತು ನಾಶಿಕದವರೆಗೆ ಹೋದಳು. ಮಗು ಸಣ್ಣದು ಹುಟ್ಟಿತು, ತಾಯಿ ಉಳಿದಳು. ಹೆಣ್ಣು ಹುಟ್ಟಿತೆಂದು ಆ ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತನ್ನ ಮಂಡಿನೋವು ತೋರಿಸಲು ಬಂದಳು.

*

ದೀಪಾವಳಿಯ ಹಿಂದಿನ ಗುರುವಾರ ಜೀಪು ತಡವಾಗಿ ಬಂತು. ಡಾಕ್ಟರ್ ಬಿಂದುಮಾಧವ ಇಳಿದವರು ಒಳಗೆ ಬರಲು ದಾರಿ ಹುಡುಕಿದರು. ಬೆಂಚು ತುಂಬಿ, ಹೊಸ್ತಿಲು ತುಂಬಿ, ಬೇವಿನ ಮರದ ಕೆಳಗೂ ಜನ. ಕೆಲವರು ಅವರನ್ನು ನೋಡಿ ಜಾಗ ಬಿಟ್ಟರು. ಒಬ್ಬ ಮುದುಕ "ಪಾಳಿ ಇದೆ," ಎಂದ.

ಒಳಗೆ ಅಲಕಾ ಒಂದು ಮಗುವಿನ ಎದೆ ಕೇಳುತ್ತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಪ್ರೇಮಾಬಾಯಿ ಕಾಲು ಚಾಚಿ ಕೂತಿದ್ದಳು. ಡಾಕ್ಟರರ ಕೈ ಸುಮ್ಮನಿರಲಿಲ್ಲ. ಕುಕ್ಕರಗಾಲಲ್ಲಿ ಕೂತು, "ನೋಡೂಣು ಅಜ್ಜಿ," ಎಂದು ಪಟ್ಟಿಯ ತುದಿ ಹಿಡಿದು ಸರಕ್ಕನೆ ಎಳೆದರು.

"ಏ! ಏ! ಏ!" ಪ್ರೇಮಾಬಾಯಿ ಕಾಲನ್ನು ಹಿಂದಕ್ಕೆಳೆದುಕೊಂಡಳು. "ಒಣಾ ಪಟ್ಟಿ ಹಂಗ ಕೀಳ್ತಾರೇನ್ರಿ? ಮೊದಲ ನೀರು ಹಾಕಿ ನೆನಸ್ರಿ! ಹೊಸಾ ಚರ್ಮ ಬರ್ಲಕತ್ತದ ಅದು. ನಿಮಗ ಯಾರೂ ಕಲಿಸಿಲ್ಲೇನು?"

ಅಲಕಾ ಮಗುವಿನ ಎದೆಯಿಂದ ನಳಿಗೆ ಎತ್ತಿ ಈ ಕಡೆ ನೋಡಿದಳು.

"ನೋವಾತೇನ್ರಿ?" ಡಾಕ್ಟರರ ಕಣ್ಣರಳಿತು.

"ಗೊತ್ತಾಗಂಗಿಲ್ಲಲ್ಲ, ಅದಕ್ಕೇ ನೋಡ್ಕೋತ ಇರ್ಬೇಕು. ಸರೀರಿ ಆಕಡಿ. ಅಕಿ ಬರ್ತಾಳ."

ಡಾಕ್ಟರ್ ಬಿಂದುಮಾಧವ ಎದ್ದರು, ಮೊಣಕಾಲಿನ ಧೂಳು ಕೊಡವಿದರು, ಹೊರಗಿನ ಜನರನ್ನು ಇನ್ನೊಮ್ಮೆ ನೋಡಿದರು. ಕನ್ನಡಕ ಮೇಲೇರಿಸಿದರು; ಮೂಗಿನ ದನಿ ಮಾತ್ರ ಹೊರಡಲಿಲ್ಲ.

"ಅಲಕಾ, ಮುಂದಿನ ಗುರುವಾರದಿಂದ ನಾ ಪಿಂಪಳಗಾಂವ್‌ಗೆ ಹೋಗ್ತೀನಿ. ಅಲ್ಲೊಂದು ಹೊಸಾ ದವಾಖಾನಿ ತಗದೇವಿ, ಅಲ್ಲೂ ಒಬ್ಬಾಕಿ ಚೀಟಿ ಬರೀಲಿಕ್ಕೆ ಸುರು ಮಾಡ್ಯಾಳ. ಇಲ್ಲಿಗೆ ತಿಂಗಳಿಗೊಮ್ಮೆ ಬರ್ತೀನಿ. ನಡುವ ಬೇಕಂದ್ರ ಫೋನ್ ಮಾಡಿ ಕರಿ."

ಜೀಪು ಹೋಯಿತು. ಧೂಳು ಇಳಿಯುವವರೆಗೆ ಅಲಕಾ ಬಾಗಿಲಲ್ಲಿ ನಿಂತಿದ್ದಳು. ಬೆನ್ನ ಹಿಂದೆ ಅದೇ ಗೋಡೆ. ಬಟ್ಟಲಲ್ಲಿ ಉಪ್ಪುನೀರು ತಂದು, ಅತ್ತೆಯ ಕಾಲಿನ ಮುಂದೆ ಕೂತು, ಪಟ್ಟಿಯನ್ನು ಹನಿಹನಿಯಾಗಿ ನೆನೆಸತೊಡಗಿದಳು.

"ಅವಾ ಮತ್ತ ಯಾವಾಗ ಬರ್ತಾನಂತ?" ಎಂದಳು ಪ್ರೇಮಾಬಾಯಿ.

"ತಿಂಗಳಿಗೊಮ್ಮೆ. ಇಲ್ಲಾ ಕರೆದಾಗ."

"ಯಾರು ಕರೀಬೇಕು?"

"ನಾ."

"ಮತ್ತ ಕರೀಬ್ಯಾಡ. ಕೈ ಭಾಳ ಜೋರು."

ಅಲಕಾ ಪಟ್ಟಿಯ ಕೊನೆಯ ಪದರ ಎತ್ತಿದಳು. ಅದು ತಾನಾಗಿ ಬಿಟ್ಟುಕೊಂಡು ಬಂತು.

"ಬೇಕಾದ್ರ ಕರೀತೀನ್ರಿ, ಅತ್ತೀ," ಎಂದಳು. "ಇವತ್ತು ಬ್ಯಾಡ."